ಡಾ. ಡಬ್ಲ್ಯೂ. ಎಡ್ವರ್ಡ್ಸ್ ಡೆಮಿಂಗ್: ನಿರಂತರ ಕಾರ್ಯಸುಧಾರಣೆಯ ಮಾರ್ಗದರ್ಶಿ

ಪೂರ್ಣ ಹೆಸರು: ವಿಲಿಯಂ ಎಡ್ವರ್ಡ್ಸ್ ಡೆಮಿಂಗ್
ಜನನ: 14 ಅಕ್ಟೋಬರ್ 1900, ಸೂ ಸಿಟಿ, ಅಯೋವಾ ರಾಜ್ಯ, ಅಮೆರಿಕ ಸಂಯುಕ್ತ ಸಂಸ್ಥಾನ
ಮರಣ: 20 ಡಿಸೆಂಬರ್ 1993, ವಾಷಿಂಗ್ಟನ್
ಕಾರ್ಯಕ್ಷೇತ್ರ: ಸಂಖ್ಯಾಶಾಸ್ತ್ರ, ಗುಣಮಟ್ಟ ನಿಯಂತ್ರಣ, ಕಾರ್ಯನಿರ್ವಹಣಾ ಸುಧಾರಣೆ

ಪೀಠಿಕೆ

ಕಚೇರಿಯೊಂದರಲ್ಲಿ ಅರ್ಜಿಯ ವಿಲೇವಾರಿ ತಡವಾದಾಗ ಅಥವಾ ಪ್ರಮಾಣ ಪತ್ರದಲ್ಲಿ ಹೆಸರು ತಪ್ಪಾಗಿ ಮುದ್ರಿತವಾದಾಗ, ಇದಕ್ಕೆ ಹೊಣೆ ಯಾರು ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಅರ್ಜಿದಾರರು ತಮ್ಮ ಎದುರಿಗಿರುವ ಸಿಬ್ಬಂದಿಯನ್ನು ದೂರುತ್ತಾರೆ. ಮೇಲಧಿಕಾರಿಗಳು ಅದೇ ಸಿಬ್ಬಂದಿಯಿಂದ ವಿವರಣೆ ಕೇಳುತ್ತಾರೆ. ಒಬ್ಬರ ಸ್ಥಾನಕ್ಕೆ ಇನ್ನೊಬ್ಬರು ಬಂದ ಮೇಲೂ ಅದೇ ತಪ್ಪು, ಅದೇ ವಿಳಂಬ ಮರುಕಳಿಸುವುದುಂಟು. ಹಾಗಿದ್ದಲ್ಲಿ ದೋಷವಿರುವುದು ವ್ಯಕ್ತಿಯಲ್ಲೋ ಅಥವಾ ಕೆಲಸ ಸಾಗುವ ಕ್ರಮದಲ್ಲೋ?

ಈ ಪ್ರಶ್ನೆಯನ್ನು ಲೆಕ್ಕಾಚಾರದ ಆಧಾರದ ಮೇಲೆ ಬಿಡಿಸಿ ತೋರಿಸಿದ ಹಿರಿಮೆ ಅಮೆರಿಕದ ಸಂಖ್ಯಾಶಾಸ್ತ್ರಜ್ಞ ಡಾ. ಡಬ್ಲ್ಯೂ. ಎಡ್ವರ್ಡ್ಸ್ ಡೆಮಿಂಗ್ ಅವರಿಗೆ ಸಲ್ಲುತ್ತದೆ. ತಪ್ಪಿತಸ್ಥರನ್ನು ಹುಡುಕುವುದರ ಬದಲು ತಪ್ಪು ಹುಟ್ಟುವ ಸ್ಥಳವನ್ನು ಹುಡುಕಬೇಕು. ಅದನ್ನು ಸ್ವಲ್ಪ ಸ್ವಲ್ಪವಾಗಿ, ಬಿಡುವಿಲ್ಲದೆ ಸರಿಪಡಿಸುತ್ತಾ ಹೋಗಬೇಕು ಎಂಬುದು ಅವರ ಜೀವನದುದ್ದಕ್ಕೂ ಹರಿದು ಬಂದ ವಿಚಾರ. ಅವರ ಹೆಸರು ಕಾರ್ಖಾನೆಗಳೊಂದಿಗೆ ಹೆಚ್ಚಾಗಿ ತಳುಕು ಹಾಕಿಕೊಂಡಿದ್ದರೂ, ಆ ವಿಚಾರವನ್ನು ಅವರು ಮೊದಲು ದೊಡ್ಡ ಪ್ರಮಾಣದಲ್ಲಿ ಪ್ರಯೋಗಿಸಿದ್ದು ಒಂದು ಸರ್ಕಾರಿ ಕಚೇರಿಯಲ್ಲಿ ಎಂಬುದು ಗಮನಾರ್ಹ.

ಬಾಲ್ಯ ಮತ್ತು ಶಿಕ್ಷಣ

ಡೆಮಿಂಗ್ ಅವರು ಬಾಲಕರಾಗಿದ್ದಾಗಲೇ ಅವರ ಕುಟುಂಬವು ವಯೋಮಿಂಗ್ ರಾಜ್ಯಕ್ಕೆ ವಲಸೆ ಹೋಗಿ, ಆಗತಾನೇ ನೆಲೆಗೊಳ್ಳುತ್ತಿದ್ದ ಪಾವೆಲ್ ಎಂಬ ಊರಿನಲ್ಲಿ ವಾಸವಾಯಿತು. ಅಲ್ಲಿ ದೊರೆತ 40 ಎಕರೆ ಭೂಮಿಯಿಂದ ಹೆಚ್ಚಿನ ಆದಾಯವಿರಲಿಲ್ಲ. ಡಾಂಬರು ಕಾಗದ ಹೊದಿಸಿದ ಸಣ್ಣ ಮನೆಯಲ್ಲಿ ಕುಟುಂಬವು ವರ್ಷಗಟ್ಟಲೆ ಕಾಲ ಕಳೆಯಿತು. ತಾಯಿ ಸಂಗೀತ ಪಾಠ ಹೇಳಿಕೊಡುತ್ತಿದ್ದರು. ಬಾಲಕ ಡೆಮಿಂಗ್ ಊರಿನ ಬೀದಿ ದೀಪಗಳನ್ನು ಹಚ್ಚುವುದೇ ಮೊದಲಾದ ಕೆಲಸಗಳನ್ನು ಮಾಡಿ ಮನೆಗೆ ನೆರವಾಗುತ್ತಿದ್ದರು. ಯಾವ ವಸ್ತುವೂ ಪೋಲಾಗಬಾರದೆಂಬ ಅವರ ಸ್ವಭಾವಕ್ಕೆ ಈ ದಿನಗಳೇ ಬುನಾದಿಯಾದವು.

1917ರಲ್ಲಿ ವಯೋಮಿಂಗ್ ವಿಶ್ವವಿದ್ಯಾನಿಲಯವನ್ನು ಸೇರಿ 1921ರಲ್ಲಿ ವಿದ್ಯುತ್ ಎಂಜಿನಿಯರಿಂಗ್ ಪದವಿ ಪಡೆದರು. ಕೊಲರಾಡೊ ವಿಶ್ವವಿದ್ಯಾನಿಲಯದಲ್ಲಿ ಗಣಿತ ಮತ್ತು ಭೌತವಿಜ್ಞಾನದ ಉನ್ನತ ವ್ಯಾಸಂಗ ಮುಗಿಸಿದ ನಂತರ, 1928ರಲ್ಲಿ ಯೇಲ್ ವಿಶ್ವವಿದ್ಯಾನಿಲಯದಿಂದ ಡಾಕ್ಟರೇಟ್ ಪದವಿ ಗಳಿಸಿದರು. ವ್ಯಾಸಂಗದ ನಡುವೆ ಬೇಸಿಗೆ ರಜೆಗಳಲ್ಲಿ ಷಿಕಾಗೋ ಸಮೀಪದ ಹಾಥಾರ್ನ್ ಎಂಬಲ್ಲಿದ್ದ ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿಯ ದೂರವಾಣಿ ಉಪಕರಣಗಳ ಕಾರ್ಖಾನೆಯಲ್ಲಿ ಕೆಲಸ ಮಾಡಿದರು. ಹತ್ತಾರು ಸಾವಿರ ಜನ ದುಡಿಯುತ್ತಿದ್ದ ಆ ಕಾರ್ಖಾನೆಯಲ್ಲಿ, ತಯಾರಾದ ಸಾಮಗ್ರಿಯನ್ನು ಕೊನೆಯಲ್ಲಿ ತಪಾಸಣೆ ಮಾಡಿ ಕೆಟ್ಟದ್ದನ್ನು ಬೇರ್ಪಡಿಸುವ ಪದ್ಧತಿಯನ್ನು ಅವರು ಸಮೀಪದಿಂದ ಕಂಡರು.

ಶೂಹಾರ್ಟ್ ಅವರ ಪರಿಚಯ

1927ರಲ್ಲಿ ಡೆಮಿಂಗ್ ಅವರು ಅಮೆರಿಕ ಸರ್ಕಾರದ ಕೃಷಿ ಇಲಾಖೆಯ ಪ್ರಯೋಗಾಲಯವೊಂದರಲ್ಲಿ ನೌಕರಿಗೆ ಸೇರಿದರು. ಇದೇ ಸುಮಾರಿಗೆ ಬೆಲ್ ದೂರವಾಣಿ ಪ್ರಯೋಗಾಲಯದ ವಾಲ್ಟರ್ ಶೂಹಾರ್ಟ್ ಅವರ ಪರಿಚಯವಾಯಿತು. ಶೂಹಾರ್ಟ್ ಅವರು 1924ರಲ್ಲಿಯೇ ನಿಯಂತ್ರಣ ನಕ್ಷೆ ಎಂಬ ಸರಳ ಸಾಧನವನ್ನು ರೂಪಿಸಿದ್ದರು.

ಯಾವುದೇ ಕೆಲಸವನ್ನು ಎಷ್ಟೇ ಜಾಗ್ರತೆಯಿಂದ ಮಾಡಿದರೂ ಫಲಿತಾಂಶವು ಪ್ರತಿದಿನ ಒಂದೇ ಸಮನಾಗಿರುವುದಿಲ್ಲ. ಒಂದು ಮೇಜಿನಲ್ಲಿ ಈ ದಿನ 40 ಕಡತ ಮುಗಿದರೆ ನಾಳೆ 36, ಮರುದಿನ 43 ಆಗಬಹುದು. ಇಂತಹ ಏರಿಳಿತಗಳಲ್ಲಿ ಎರಡು ಬಗೆಗಳಿವೆ ಎಂದು ಶೂಹಾರ್ಟ್ ವಿಂಗಡಿಸಿದರು. ಮೊದಲನೆಯದು ವ್ಯವಸ್ಥೆಯಲ್ಲಿಯೇ ಅಡಕವಾಗಿರುವ ಸಾಮಾನ್ಯ ಕಾರಣಗಳಿಂದ ಸದಾ ಇರುವಂತಹದು. ಎರಡನೆಯದು ಯಂತ್ರ ಕೆಟ್ಟಿತು, ಹೊಸ ನಮೂನೆ ಬಂತು ಎಂಬಂತಹ ವಿಶೇಷ ಕಾರಣದಿಂದ ಅಪರೂಪಕ್ಕೆ ಉಂಟಾಗುವಂತಹದು. ಫಲಿತಾಂಶಗಳನ್ನು ದಿನವಹಿ ನಕ್ಷೆಯಲ್ಲಿ ಗುರುತಿಸಿ, ಲೆಕ್ಕದಿಂದ ಪಡೆದ ಮೇಲಿನ ಮತ್ತು ಕೆಳಗಿನ ಎರಡು ಗೆರೆಗಳನ್ನು ಎಳೆದರೆ ಈ ಎರಡನ್ನೂ ಬೇರ್ಪಡಿಸಬಹುದು. ಗೆರೆಗಳ ಹೊರಗೆ ಬಿದ್ದ ಬಿಂದುವಿಗೆ ಮಾತ್ರ ವಿಶೇಷ ಕಾರಣವನ್ನು ಹುಡುಕಬೇಕು. ಗೆರೆಗಳ ಒಳಗಿನ ಏರಿಳಿತಗಳಿಗೆ ಯಾರನ್ನೂ ಪ್ರತ್ಯೇಕವಾಗಿ ದೂರಿ ಪ್ರಯೋಜನವಿಲ್ಲ. ಅವು ತಗ್ಗಬೇಕಾದರೆ ಕೆಲಸದ ಕ್ರಮವೇ ಬದಲಾಗಬೇಕು.

ಈ ವಿವೇಚನೆಯು ಡೆಮಿಂಗ್ ಅವರ ಮುಂದಿನ ಬದುಕಿಗೆ ದಾರಿ ತೋರಿಸಿತು. 1936ರಲ್ಲಿ ಅವರು ಲಂಡನ್ನಿಗೆ ತೆರಳಿ ಸಂಖ್ಯಾಶಾಸ್ತ್ರದ ಹೆಚ್ಚಿನ ಅಧ್ಯಯನ ಕೈಗೊಂಡರು. 1938ರಲ್ಲಿ ಶೂಹಾರ್ಟ್ ಅವರ ಉಪನ್ಯಾಸಗಳನ್ನು ಕೃಷಿ ಇಲಾಖೆಯ ವತಿಯಿಂದ ಏರ್ಪಡಿಸಿ, ಮರುವರ್ಷ ಅವುಗಳನ್ನು ಸಂಪಾದಿಸಿ ಪುಸ್ತಕ ರೂಪದಲ್ಲಿ ಹೊರತಂದರು.

ಜನಗಣತಿ ಕಚೇರಿಯಲ್ಲಿ ಸುಧಾರಣೆ

1939ರಲ್ಲಿ ಡೆಮಿಂಗ್ ಅವರು ಅಮೆರಿಕದ ಜನಗಣತಿ ಕಚೇರಿಗೆ ಸೇರಿದರು. 1940ರ ಜನಗಣತಿಯಲ್ಲಿ ಆ ದೇಶದಲ್ಲಿ ಮೊಟ್ಟಮೊದಲ ಬಾರಿಗೆ ಮಾದರಿ ಪದ್ಧತಿಯನ್ನು ಬಳಸಲಾಯಿತು. ಎಲ್ಲರಿಗೂ ಎಲ್ಲ ಪ್ರಶ್ನೆಗಳನ್ನು ಕೇಳುವ ಬದಲು, ಕೆಲವು ಹೆಚ್ಚುವರಿ ಪ್ರಶ್ನೆಗಳನ್ನು ಶೇಕಡಾ 5ರಷ್ಟು ಜನರಿಗೆ ಮಾತ್ರ ಕೇಳಿ, ಅದರಿಂದ ಇಡೀ ದೇಶದ ಅಂದಾಜನ್ನು ಪಡೆಯಲಾಯಿತು.

ಇದಕ್ಕಿಂತಲೂ ಕಚೇರಿಯ ಒಳಗಿನ ಕೆಲಸದಲ್ಲಿ ಅವರು ತಂದ ಬದಲಾವಣೆ ಹೆಚ್ಚು ಬೋಧಪ್ರದವಾಗಿದೆ. ಸುಮಾರು 13 ಕೋಟಿ ಜನರ ವಿವರಗಳನ್ನು ಎಣಿಕೆ ಯಂತ್ರಗಳಿಗೆ ಉಣಿಸಲು, ಆ ವಿವರಗಳನ್ನು ರಟ್ಟಿನ ಚೀಟಿಗಳಲ್ಲಿ ರಂಧ್ರಗಳಾಗಿ ಕೊರೆಯಬೇಕಾಗಿತ್ತು. ಈ ಕೆಲಸಕ್ಕೆ ಬಹುಸಂಖ್ಯೆಯ ಸಿಬ್ಬಂದಿಯನ್ನು ತೊಡಗಿಸಲಾಗಿತ್ತು. ರಂಧ್ರ ತಪ್ಪಾಗಿ ಬಿದ್ದರೆ ಲೆಕ್ಕವೇ ತಪ್ಪುತ್ತದೆ ಎಂಬ ಕಾರಣದಿಂದ, ಒಬ್ಬರು ಕೊರೆದ ಚೀಟಿಗಳನ್ನು ಇನ್ನೊಬ್ಬರು ಒಂದೊಂದಾಗಿ ತಾಳೆ ನೋಡಬೇಕಾಗಿತ್ತು. ಇದರಿಂದ ಒಂದೇ ಕೆಲಸಕ್ಕೆ ಎರಡು ಪಟ್ಟು ಶ್ರಮ ವ್ಯಯವಾಗುತ್ತಿತ್ತು.

ಡೆಮಿಂಗ್ ಅವರು ಪ್ರತಿಯೊಬ್ಬ ಸಿಬ್ಬಂದಿಯ ತಪ್ಪುಗಳ ಪ್ರಮಾಣವನ್ನು ನಿಯಂತ್ರಣ ನಕ್ಷೆಯಲ್ಲಿ ಗುರುತಿಸುವ ವ್ಯವಸ್ಥೆಯನ್ನು ಜಾರಿಗೆ ತಂದರು. ಹೊಸದಾಗಿ ಸೇರಿದವರ ಕೆಲಸವನ್ನು ಪೂರ್ಣವಾಗಿ ತಪಾಸಣೆ ಮಾಡಲಾಗುತ್ತಿತ್ತು. ಯಾರ ತಪ್ಪಿನ ಪ್ರಮಾಣವು ಕಡಿಮೆಯಾಗಿ ಸ್ಥಿರಗೊಂಡಿತೋ, ಅವರ ಚೀಟಿಗಳಲ್ಲಿ ಒಂದು ಸಣ್ಣ ಭಾಗವನ್ನು ಮಾತ್ರ ಮಾದರಿಯಾಗಿ ಆರಿಸಿ ನೋಡಲಾಗುತ್ತಿತ್ತು. ಅವರ ತಪ್ಪುಗಳು ಮತ್ತೆ ಮಿತಿ ಮೀರಿದಲ್ಲಿ ಪೂರ್ಣ ತಪಾಸಣೆಗೆ ಮರಳಲಾಗುತ್ತಿತ್ತು. ಇದರಿಂದ ತಾಳೆ ನೋಡುತ್ತಿದ್ದ ಅನೇಕ ಸಿಬ್ಬಂದಿ ಬೇರೆ ಕೆಲಸಗಳಿಗೆ ದೊರೆತರು, ಖರ್ಚು ತಗ್ಗಿತು, ಫಲಿತಾಂಶಗಳು ಬೇಗನೆ ಪ್ರಕಟಗೊಂಡವು. ಈ ಅನುಭವದ ವರದಿಯು 1941ರಲ್ಲಿ ಅಮೆರಿಕದ ಸಂಖ್ಯಾಶಾಸ್ತ್ರ ಸಂಘದ ಪತ್ರಿಕೆಯಲ್ಲಿ ಪ್ರಕಟವಾಯಿತು.

ಯಾರನ್ನೂ ಗದರಿಸದೆ, ಹೆಚ್ಚುವರಿ ಹುದ್ದೆಗಳನ್ನು ಸೃಜಿಸದೆ, ಕೆಲಸದ ನಡೆಯನ್ನು ಅಳೆದು ತಿದ್ದಿದ್ದರಿಂದಲೇ ಇದು ಸಾಧ್ಯವಾಯಿತು. ಕಾರ್ಖಾನೆಯ ಸಾಧನವೊಂದು ಲೇಖನಿ ಹಿಡಿಯುವ ಕಚೇರಿಗೂ ಅನ್ವಯಿಸುತ್ತದೆ ಎಂಬುದು ಇಲ್ಲಿ ಸಾಬೀತಾಯಿತು.

ಯುದ್ಧಕಾಲದ ಪಾಠ

ಎರಡನೆಯ ಮಹಾಯುದ್ಧದ ಅವಧಿಯಲ್ಲಿ ಡೆಮಿಂಗ್ ಅವರ ಸಲಹೆಯಂತೆ ಅಮೆರಿಕದ ಸಾವಿರಾರು ಎಂಜಿನಿಯರುಗಳಿಗೆ ಮತ್ತು ತಪಾಸಣಾಧಿಕಾರಿಗಳಿಗೆ ಸಂಖ್ಯಾಶಾಸ್ತ್ರೀಯ ಗುಣನಿಯಂತ್ರಣದಲ್ಲಿ ತರಬೇತಿ ನೀಡಲಾಯಿತು. ಯುದ್ಧ ಮುಗಿದೊಡನೆ ಈ ಪದ್ಧತಿಗಳು ಒಂದೊಂದಾಗಿ ಕೈಬಿಟ್ಟುಹೋದವು. ತಯಾರಾದ ವಸ್ತುವೆಲ್ಲವೂ ಮಾರಾಟವಾಗುತ್ತಿದ್ದ ಕಾಲದಲ್ಲಿ ಗುಣಮಟ್ಟದ ಚಿಂತೆ ಯಾರಿಗೂ ಇರಲಿಲ್ಲ. ತರಬೇತಿ ಪಡೆದವರು ಕೆಳಹಂತದ ತಜ್ಞರು. ಕೆಲಸದ ಕ್ರಮವನ್ನು ಬದಲಾಯಿಸುವ ಅಧಿಕಾರವಿದ್ದ ಮೇಲಧಿಕಾರಿಗಳಿಗೆ ಇದರ ಅರಿವನ್ನು ಮೂಡಿಸಿರಲಿಲ್ಲ. ಈ ಸೋಲಿನ ಕಾರಣವನ್ನು ಡೆಮಿಂಗ್ ಅವರು ಮರೆಯಲಿಲ್ಲ. 1946ರಲ್ಲಿ ಸರ್ಕಾರಿ ಸೇವೆಯನ್ನು ತ್ಯಜಿಸಿ, ನ್ಯೂಯಾರ್ಕ್ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕರಾಗಿ ಹಾಗೂ ಸ್ವತಂತ್ರ ಸಲಹೆಗಾರರಾಗಿ ಕಾರ್ಯ ಆರಂಭಿಸಿದರು.

ಜಪಾನಿನಲ್ಲಿ

ಯುದ್ಧದಿಂದ ಜರ್ಜರಿತವಾಗಿದ್ದ ಜಪಾನಿಗೆ ಡೆಮಿಂಗ್ ಅವರು ಮೊದಲು ಹೋದದ್ದು 1947ರಲ್ಲಿ, ಜನಗಣತಿಯ ಸಿದ್ಧತೆಗೆ ನೆರವಾಗಲು. ಅಂದಿನ ಜಪಾನಿನ ಸರಕುಗಳು ಕಡಿಮೆ ಬೆಲೆಯ, ಬಾಳಿಕೆ ಬಾರದ ವಸ್ತುಗಳೆಂದೇ ಹೊರದೇಶಗಳಲ್ಲಿ ಹೆಸರಾಗಿದ್ದವು. ಆಹಾರವನ್ನೂ ಹೊರಗಿನಿಂದ ತರಿಸಬೇಕಾಗಿದ್ದ ಆ ದೇಶಕ್ಕೆ, ಉತ್ತಮ ವಸ್ತುಗಳನ್ನು ತಯಾರಿಸಿ ಮಾರುವುದು ಬದುಕಿನ ಪ್ರಶ್ನೆಯಾಗಿತ್ತು.

1946ರಲ್ಲಿ ಸ್ಥಾಪಿತವಾಗಿದ್ದ ಜಪಾನಿನ ವಿಜ್ಞಾನಿಗಳ ಮತ್ತು ಎಂಜಿನಿಯರುಗಳ ಒಕ್ಕೂಟದ ಆಹ್ವಾನದ ಮೇರೆಗೆ ಅವರು 1950ರ ಬೇಸಿಗೆಯಲ್ಲಿ ಅಲ್ಲಿಗೆ ತೆರಳಿ, ಟೋಕಿಯೋ ನಗರದಲ್ಲಿ ಎಂಟು ದಿನಗಳ ಶಿಬಿರವನ್ನು ನಡೆಸಿದರು. ಅಮೆರಿಕದಲ್ಲಿ ಆದ ತಪ್ಪು ಮರುಕಳಿಸಬಾರದೆಂದು, ದೊಡ್ಡ ಉದ್ಯಮಗಳ ಮುಖ್ಯಸ್ಥರೊಂದಿಗೆ ಪ್ರತ್ಯೇಕ ಸಭೆಗಳೂ ನಡೆದವು. ಕಚ್ಚಾ ಸಾಮಗ್ರಿ ಒದಗಿಸುವವರಿಂದ ಮೊದಲ್ಗೊಂಡು ವಸ್ತುವನ್ನು ಬಳಸುವ ಗ್ರಾಹಕರವರೆಗೆ ಎಲ್ಲವೂ ಒಂದೇ ವ್ಯವಸ್ಥೆ ಎಂಬುದನ್ನು ಅವರು ರೇಖಾಚಿತ್ರದ ಮೂಲಕ ವಿವರಿಸಿದರು. ಗುಣಮಟ್ಟ ಹೆಚ್ಚಿದಂತೆ ಮರುಕೆಲಸ ಮತ್ತು ನಷ್ಟ ಕಡಿಮೆಯಾಗಿ ವೆಚ್ಚವೂ ತಗ್ಗುತ್ತದೆ ಎಂಬುದು ಅವರ ವಾದವಾಗಿತ್ತು. ಉತ್ತಮ ವಸ್ತುವಿಗೆ ಖರ್ಚು ಹೆಚ್ಚು ಎಂಬ ಅಂದಿನ ಸಾಮಾನ್ಯ ನಂಬಿಕೆಗೆ ಇದು ತದ್ವಿರುದ್ಧವಾಗಿತ್ತು.

ಯೋಜಿಸುವುದು, ಚಿಕ್ಕ ಪ್ರಮಾಣದಲ್ಲಿ ಮಾಡಿ ನೋಡುವುದು, ಫಲವನ್ನು ಪರಿಶೀಲಿಸುವುದು, ಅದರಂತೆ ಕ್ರಮ ಕೈಗೊಳ್ಳುವುದು ಎಂಬ ನಾಲ್ಕು ಹಂತಗಳ ಚಕ್ರವು ಡೆಮಿಂಗ್ ಅವರ ಹೆಸರಿನಲ್ಲಿ ಪ್ರಸಿದ್ಧವಾಗಿದೆ. ಅವರು ಅದರ ಮೂಲವನ್ನು ಶೂಹಾರ್ಟ್ ಅವರಿಗೇ ಸಲ್ಲಿಸುತ್ತಿದ್ದರು. ಇಂದು ರೂಢಿಯಲ್ಲಿರುವ ರೂಪವು ಜಪಾನೀಯರ ಕೈಯಲ್ಲಿ ಸಿದ್ಧವಾದದ್ದು. ನಾಲ್ಕನೆಯ ಹಂತ ಮುಗಿದ ಮೇಲೆ ಮತ್ತೆ ಮೊದಲನೆಯದಕ್ಕೆ ಬರಬೇಕೆಂಬುದು ಇದರ ತಿರುಳು. ಕಾರ್ಖಾನೆಯ ಕೆಲಸಗಾರರನ್ನೂ ಒಳಗೊಂಡ ಈ ಬಗೆಯ ನಿರಂತರ ಸುಧಾರಣೆಯನ್ನು ಜಪಾನಿ ಭಾಷೆಯಲ್ಲಿ ಕೈಜೆನ್ ಎಂದು ಕರೆಯಲಾಗುತ್ತದೆ. 1962ರಿಂದ ಕೆಲಸಗಾರರೇ ಸಣ್ಣ ಗುಂಪುಗಳಲ್ಲಿ ಸೇರಿ ತಮ್ಮ ಕೆಲಸದ ತೊಡಕುಗಳನ್ನು ಬಿಡಿಸುವ ಗುಣಮಟ್ಟ ವೃತ್ತಗಳು ಅಲ್ಲಿ ಆರಂಭಗೊಂಡವು.

ತಮ್ಮ ಉಪನ್ಯಾಸಗಳ ಪುಸ್ತಕದಿಂದ ಬಂದ ಗೌರವಧನವನ್ನು ಡೆಮಿಂಗ್ ಅವರು ಆ ಒಕ್ಕೂಟಕ್ಕೇ ಬಿಟ್ಟುಕೊಟ್ಟರು. ಇದರ ಸ್ಮರಣಾರ್ಥ ಸ್ಥಾಪಿಸಲಾದ ಡೆಮಿಂಗ್ ಪ್ರಶಸ್ತಿಯನ್ನು 1951ರಿಂದ ನೀಡಲಾಗುತ್ತಿದೆ. ಟೊಯೊಟಾ ಮೋಟಾರ್ ಸಂಸ್ಥೆಯು 1965ರಲ್ಲಿ ಇದನ್ನು ಗಳಿಸಿತು. 1960ರಲ್ಲಿ ಜಪಾನ್ ಚಕ್ರವರ್ತಿಯ ಪರವಾಗಿ ಡೆಮಿಂಗ್ ಅವರಿಗೆ ರಾಷ್ಟ್ರೀಯ ಗೌರವ ಪದಕವನ್ನು ಪ್ರದಾನ ಮಾಡಲಾಯಿತು. ಜಪಾನಿನ ಉನ್ನತಿಗೆ ಅವರೊಬ್ಬರೇ ಕಾರಣರೆಂದು ಹೇಳಲಾಗದು. ಜೋಸೆಫ್ ಜುರಾನ್, ಕಾವೊರು ಇಷಿಕಾವಾ ಮೊದಲಾದವರ ಹಾಗೂ ಅಸಂಖ್ಯಾತ ಕೆಲಸಗಾರರ ಕೊಡುಗೆಯೂ ಅಷ್ಟೇ ದೊಡ್ಡದು.

ಕೆಂಪು ಮಣಿಗಳ ಪ್ರಯೋಗ

ಡೆಮಿಂಗ್ ಅವರು ತಮ್ಮ ಶಿಬಿರಗಳಲ್ಲಿ ನಡೆಸಿಕೊಡುತ್ತಿದ್ದ ಒಂದು ಪ್ರಾತ್ಯಕ್ಷಿಕೆಯು ಅವರ ವಿಚಾರವನ್ನು ಸುಲಭವಾಗಿ ತಿಳಿಸುತ್ತದೆ. ಒಂದು ಪೆಟ್ಟಿಗೆಯಲ್ಲಿ 3,200 ಬಿಳಿ ಮಣಿಗಳು ಹಾಗೂ 800 ಕೆಂಪು ಮಣಿಗಳು ಬೆರೆತಿರುತ್ತಿದ್ದವು. 50 ಗುಳಿಗಳುಳ್ಳ ಹಲಗೆಯನ್ನು ಪೆಟ್ಟಿಗೆಯೊಳಗೆ ಅದ್ದಿ ತೆಗೆದರೆ ಒಂದೊಂದು ಗುಳಿಗೆ ಒಂದೊಂದು ಮಣಿ ಕೂರುತ್ತಿತ್ತು. ಸಭಿಕರಲ್ಲಿ ಆರು ಜನರನ್ನು ಕೆಲಸಗಾರರಾಗಿ ನೇಮಿಸಿ, ಬಿಳಿ ಮಣಿಗಳನ್ನು ಮಾತ್ರ ತೆಗೆಯಬೇಕು, ಕೆಂಪು ಮಣಿ ದೋಷಪೂರಿತ ವಸ್ತು ಎಂದು ತಿಳಿಸಲಾಗುತ್ತಿತ್ತು. ಆದರೆ ಹಲಗೆಯನ್ನು ಹೇಗೆ ಹಿಡಿಯಬೇಕು, ಎಷ್ಟು ಓರೆ ಮಾಡಬೇಕು ಎಂಬುದೆಲ್ಲವೂ ಮೊದಲೇ ನಿಗದಿಯಾಗಿರುತ್ತಿತ್ತು.

ಪೆಟ್ಟಿಗೆಯಲ್ಲಿ ಐದರಲ್ಲೊಂದು ಮಣಿ ಕೆಂಪಾಗಿರುವಾಗ ಪ್ರತಿ ಬಾರಿ ಸುಮಾರು 10 ಕೆಂಪು ಮಣಿಗಳು ಬಂದೇ ತೀರುತ್ತವೆ. ಒಬ್ಬರಿಗೆ 6 ಬಂದರೆ ಇನ್ನೊಬ್ಬರಿಗೆ 14 ಬರಬಹುದು. ಡೆಮಿಂಗ್ ಅವರು ಕಟ್ಟುನಿಟ್ಟಿನ ಮೇಲ್ವಿಚಾರಕರಂತೆ ನಟಿಸುತ್ತಾ, ಕಡಿಮೆ ಬಂದವರನ್ನು ಹೊಗಳಿ ಬಹುಮಾನ ಕೊಡುತ್ತಿದ್ದರು, ಹೆಚ್ಚು ಬಂದವರಿಗೆ ಎಚ್ಚರಿಕೆ ನೀಡುತ್ತಿದ್ದರು. ಮರುಸುತ್ತಿನಲ್ಲಿ ಬಹುಮಾನಿತರಿಗೇ ಹೆಚ್ಚು ಕೆಂಪು ಮಣಿಗಳು ಬರುವುದು ಸಾಮಾನ್ಯವಾಗಿತ್ತು. ಎಚ್ಚರಿಕೆ, ಬಹುಮಾನ, ಘೋಷಣಾ ಫಲಕ, ಕೆಲಸದಿಂದ ವಜಾ ಇವಾವುದರಿಂದಲೂ ಕೆಂಪು ಮಣಿಗಳು ಕಡಿಮೆಯಾಗುತ್ತಿರಲಿಲ್ಲ. ಪೆಟ್ಟಿಗೆಗೆ ಬರುವ ಕೆಂಪು ಮಣಿಗಳನ್ನೇ ತಗ್ಗಿಸುವ ಅಧಿಕಾರ ಮೇಲಧಿಕಾರಿಗಳಿಗೆ ಮಾತ್ರ ಇತ್ತು.

ನೋಡುವವರಿಗೆ ಇದು ನಗೆಯ ಆಟದಂತಿದ್ದರೂ ಇದರ ಹಿಂದಿನ ವಿಷಯ ಗಂಭೀರವಾದುದು. ನಮೂನೆಯ ಸೂಚನೆ ಅಸ್ಪಷ್ಟವಾಗಿದ್ದರೆ ಹತ್ತು ಅರ್ಜಿಗಳಲ್ಲಿ ಎರಡು ಲಗತ್ತುಗಳಿಲ್ಲದೆ ಬರುತ್ತವೆ. ಅವು ಯಾವ ಗುಮಾಸ್ತರ ಮೇಜಿಗೆ ಬೀಳುತ್ತವೆಯೋ ಅವರ ಲೆಕ್ಕದಲ್ಲಿ ಬಾಕಿಯಾಗಿ ಕಾಣುತ್ತವೆ. ಗುಮಾಸ್ತರನ್ನು ಬದಲಿಸಿದರೆ ಬಾಕಿ ಉಳಿದೇ ಇರುತ್ತದೆ. ನಮೂನೆಯ ಒಂದು ಸಾಲನ್ನು ತಿದ್ದಿದರೆ ತಗ್ಗುತ್ತದೆ. ಕೆಲಸದ ಸ್ಥಳದ ತೊಂದರೆಗಳಲ್ಲಿ ಶೇಕಡಾ 94ರಷ್ಟು ವ್ಯವಸ್ಥೆಗೆ ಸೇರಿದವು, ಉಳಿದ ಶೇಕಡಾ 6 ಮಾತ್ರ ವಿಶೇಷ ಕಾರಣಗಳಿಂದ ಬಂದವು ಎಂಬುದು ಡೆಮಿಂಗ್ ಅವರು ತಮ್ಮ ಅನುಭವದಿಂದ ಮಾಡಿದ ಅಂದಾಜು.

ಸ್ವದೇಶದಲ್ಲಿ ಮನ್ನಣೆ

ಜಪಾನಿನಲ್ಲಿ ಮನೆಮಾತಾಗಿದ್ದ ಡೆಮಿಂಗ್ ಅವರನ್ನು ಸ್ವದೇಶದ ಉದ್ಯಮಗಳು ಬಹುಕಾಲ ಗುರುತಿಸಲಿಲ್ಲ. 1980ರ ಜೂನ್ ತಿಂಗಳಿನಲ್ಲಿ ಎನ್‌ಬಿಸಿ ದೂರದರ್ಶನ ಸಂಸ್ಥೆಯು ಜಪಾನಿನ ಔದ್ಯೋಗಿಕ ಯಶಸ್ಸಿನ ಕುರಿತು ಸಾಕ್ಷ್ಯಚಿತ್ರವೊಂದನ್ನು ಪ್ರಸಾರ ಮಾಡಿದಾಗ ಅವರಿಗೆ ಸುಮಾರು 80 ವರ್ಷ. ಅದರ ನಂತರ ದೊಡ್ಡ ದೊಡ್ಡ ಸಂಸ್ಥೆಗಳು ಅವರ ಸಲಹೆಯನ್ನು ಕೋರಿದವು.

ಅವುಗಳಲ್ಲಿ ಫೋರ್ಡ್ ಮೋಟಾರ್ ಸಂಸ್ಥೆ ಮುಖ್ಯವಾದುದು. ಆ ಸಂಸ್ಥೆಯ ಕಾರುಗಳಿಗೆ ಒಂದೇ ವಿನ್ಯಾಸದ ಗೇರ್ ವ್ಯವಸ್ಥೆಯನ್ನು ಸ್ವತಃ ಫೋರ್ಡ್ ಹಾಗೂ ಜಪಾನಿನ ಮಜ್ದಾ ಎರಡೂ ತಯಾರಿಸುತ್ತಿದ್ದವು. ಮಜ್ದಾ ತಯಾರಿಕೆಯವು ಕಡಿಮೆ ಕೆಡುತ್ತಿದ್ದವು. ಬಿಚ್ಚಿ ಅಳೆದು ನೋಡಿದಾಗ ಫೋರ್ಡಿನ ಬಿಡಿಭಾಗಗಳೂ ನಿಗದಿತ ಮಿತಿಯೊಳಗೇ ಇದ್ದವು. ಆದರೆ ಮಜ್ದಾದ ಭಾಗಗಳಲ್ಲಿ ಒಂದಕ್ಕೂ ಇನ್ನೊಂದಕ್ಕೂ ವ್ಯತ್ಯಾಸವೇ ಬಹಳ ಕಡಿಮೆಯಿತ್ತು. ಮಿತಿಯೊಳಗೆ ಇದ್ದರೆ ಸಾಕು ಎನ್ನುವವರು ಅಲ್ಲಿಯೇ ನಿಲ್ಲುತ್ತಾರೆ, ವ್ಯತ್ಯಾಸವನ್ನು ಪ್ರತಿದಿನ ತಗ್ಗಿಸುವವರು ಮುಂದೆ ಸಾಗುತ್ತಾರೆ ಎಂಬ ಡೆಮಿಂಗ್ ಅವರ ಬೋಧನೆಗೆ ಇದು ಕಣ್ಣೆದುರಿನ ಸಾಕ್ಷಿಯಾಯಿತು.

ತಮ್ಮ ವಿಚಾರಗಳನ್ನು ಅವರು 14 ಸೂತ್ರಗಳಾಗಿ ಸಂಗ್ರಹಿಸಿದರು. ಸುಧಾರಣೆಯು ಎಂದೆಂದಿಗೂ ನಿಲ್ಲಬಾರದು. ಕೊನೆಯ ತಪಾಸಣೆಯನ್ನೇ ನೆಚ್ಚಿಕೊಳ್ಳದೆ ಮೊದಲಿನಿಂದಲೇ ಸರಿಯಾಗಿ ಮಾಡಬೇಕು. ಕೇವಲ ಕಡಿಮೆ ದರವನ್ನು ನೋಡಿ ಖರೀದಿಸಬಾರದು. ವಿಭಾಗಗಳ ನಡುವಿನ ಗೋಡೆಗಳನ್ನು ತೆಗೆಯಬೇಕು. ಸಂಖ್ಯಾ ಗುರಿಗಳನ್ನೂ ಬರಿಯ ಘೋಷಣೆಗಳನ್ನೂ ಕೈಬಿಡಬೇಕು ಎಂಬುವು ಅವುಗಳಲ್ಲಿ ಕೆಲವು. ಕೆಲಸದ ಸ್ಥಳದಿಂದ ಭಯವನ್ನು ಹೋಗಲಾಡಿಸಬೇಕೆಂಬ ಸೂತ್ರಕ್ಕೆ ಅವರು ವಿಶೇಷ ಮಹತ್ವ ನೀಡಿದ್ದರು. ಭಯವಿರುವಲ್ಲಿ ಸಿಬ್ಬಂದಿ ತಪ್ಪನ್ನು ಮರೆಮಾಡುತ್ತಾರೆ, ಅಂಕಿಅಂಶಗಳು ಮೇಲಧಿಕಾರಿಗಳಿಗೆ ಹಿತವಾಗುವಂತೆ ತಯಾರಾಗುತ್ತವೆ, ಆಗ ಸುಧಾರಿಸಬೇಕಾದ ಸ್ಥಳವೇ ಕಣ್ಣಿಗೆ ಬೀಳುವುದಿಲ್ಲ. ನೌಕರರಿಗೆ ವಾರ್ಷಿಕ ಶ್ರೇಣಿ ನೀಡುವ ಪದ್ಧತಿಯನ್ನೂ ಅವರು ವಿರೋಧಿಸಿದರು. ಈ ಕೊನೆಯ ಸಲಹೆಯನ್ನು ಅವರನ್ನು ಮೆಚ್ಚಿದ ಸಂಸ್ಥೆಗಳಲ್ಲಿಯೂ ಹೆಚ್ಚಿನವು ಒಪ್ಪಲಿಲ್ಲ.

1987ರಲ್ಲಿ ಅಮೆರಿಕದ ಅಧ್ಯಕ್ಷರು ಅವರಿಗೆ ರಾಷ್ಟ್ರೀಯ ತಂತ್ರಜ್ಞಾನ ಪದಕವನ್ನು ನೀಡಿ ಗೌರವಿಸಿದರು.

ಭಾರತದೊಂದಿಗೆ ಸಂಬಂಧ

ಡೆಮಿಂಗ್ ಅವರು 1947ರಲ್ಲಿ ಭಾರತಕ್ಕೂ ಭೇಟಿ ನೀಡಿದ್ದರು. ಪ್ರೊ. ಪಿ. ಸಿ. ಮಹಲನೋಬಿಸ್ ಅವರ ಅಧ್ಯಕ್ಷತೆಯಲ್ಲಿದ್ದ, ಮಾದರಿ ಸಮೀಕ್ಷೆಗಳ ಕುರಿತ ವಿಶ್ವಸಂಸ್ಥೆಯ ಉಪ ಆಯೋಗದಲ್ಲಿ ಅವರು ಸದಸ್ಯರಾಗಿದ್ದರು. ಅವರ ಹೆಸರಿನ ಪ್ರಶಸ್ತಿಯನ್ನು ಭಾರತದಲ್ಲಿ ಮೊದಲು ಪಡೆದದ್ದು 1998ರಲ್ಲಿ ಸುಂದರಂ ಕ್ಲೇಟನ್ ಸಂಸ್ಥೆಯ ಬ್ರೇಕ್ ವಿಭಾಗ. ಮೈಸೂರಿನಲ್ಲಿಯೂ ಕಾರ್ಖಾನೆ ಹೊಂದಿರುವ ಟಿವಿಎಸ್ ಮೋಟಾರ್ ಸಂಸ್ಥೆಯು 2002ರಲ್ಲಿ ಈ ಪ್ರಶಸ್ತಿಗೆ ಪಾತ್ರವಾಯಿತು.

ಕೊನೆಯ ದಿನಗಳು

ಡೆಮಿಂಗ್ ಅವರ ಜೀವನ ಸರಳವಾಗಿತ್ತು. ವಾಷಿಂಗ್ಟನ್ ನಗರದ ತಮ್ಮ ಮನೆಯ ನೆಲಮಾಳಿಗೆಯೇ ಅವರ ಕಚೇರಿಯಾಗಿತ್ತು. ಬಿಡುವಿನ ವೇಳೆಯಲ್ಲಿ ಪ್ರಾರ್ಥನಾ ಗೀತೆಗಳಿಗೆ ಸಂಗೀತ ರಚಿಸುತ್ತಿದ್ದರು. ವೃದ್ಧಾಪ್ಯದ ಅನಾರೋಗ್ಯದಲ್ಲಿಯೂ ನಾಲ್ಕು ದಿನಗಳ ಶಿಬಿರಗಳನ್ನು ನಡೆಸುತ್ತಿದ್ದ ಅವರು, 1993ರ ಡಿಸೆಂಬರ್ 20ರಂದು ತಮ್ಮ 93ನೆಯ ವಯಸ್ಸಿನಲ್ಲಿ ನಿಧನರಾದರು.

ಸಾರ್ವಜನಿಕರ ಅವಗಾಹನೆಗೆ

ಡೆಮಿಂಗ್ ಅವರ ದೃಷ್ಟಿಯಲ್ಲಿ ಸೇವೆ ಪಡೆಯುವವರು ವ್ಯವಸ್ಥೆಯ ಹೊರಗಿನವರಲ್ಲ, ಅದರ ಅತಿ ಮುಖ್ಯ ಭಾಗ. ಎಲ್ಲಿ ಕಾಯಬೇಕಾಯಿತು, ಯಾವ ಲಗತ್ತಿನ ಕಾರಣ ಅರ್ಜಿ ಹಿಂದಿರುಗಿತು, ನಮೂನೆಯ ಯಾವ ಅಂಕಣ ಅರ್ಥವಾಗಲಿಲ್ಲ ಎಂಬುದು ಮೊದಲು ತಿಳಿಯುವುದು ಅರ್ಜಿದಾರರಿಗೆ. ದಿನಾಂಕ, ಸ್ಥಳ ಮತ್ತು ಹಂತವನ್ನು ಸ್ಪಷ್ಟವಾಗಿ ನಮೂದಿಸಿದ ಒಂದು ಲಿಖಿತ ಸಲಹೆಯು, ವ್ಯಕ್ತಿಯೊಬ್ಬರ ಮೇಲಿನ ದೂರಿಗಿಂತ ಹೆಚ್ಚಿನ ಕೆಲಸ ಮಾಡಬಲ್ಲದು. ಹಾಗೆಂದ ಮಾತ್ರಕ್ಕೆ ಲಂಚ, ದುರ್ನಡತೆಯಂತಹ ವಿಷಯಗಳಲ್ಲಿ ವ್ಯಕ್ತಿಗಳ ಹೊಣೆ ಇಲ್ಲವೆಂದಲ್ಲ. ಅವುಗಳಿಗೆ ಕಾನೂನಿನ ಮಾರ್ಗ ಇದ್ದೇ ಇದೆ. ಆದರೆ ಪ್ರತಿದಿನ ಪ್ರತಿಯೊಬ್ಬರಿಗೂ ಎದುರಾಗುವ ಸಣ್ಣ ತೊಡಕುಗಳು ಒಂದೊಂದಾಗಿ ಕಡಿಮೆಯಾಗಬೇಕಾದರೆ, ಅವುಗಳನ್ನು ಎಣಿಸಿ, ಬರೆದಿಟ್ಟು, ಕಾರಣ ಹುಡುಕುವ ಕೆಲಸ ನಿಲ್ಲದೆ ನಡೆಯಬೇಕಾಗುತ್ತದೆ. 1940ರಲ್ಲಿ ರಟ್ಟಿನ ಚೀಟಿಗಳನ್ನು ಕೊರೆಯುತ್ತಿದ್ದ ಕಚೇರಿಯಲ್ಲಿ ನಡೆದದ್ದು ಇದೇ ಕೆಲಸ.